ಚಾರ್ಟರ್ಡ್ ಬಸ್ಸಿನಲ್ಲಿ ಕನಕಲಕ್ಷ್ಮಿ

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ನೀವು ಬರೆಯೋದು ಯಾವ ಹೊತ್ನಲ್ಲಿ ಸಾರ್?" ಕೇಳುವವರ ಕಣ್ಣಲ್ಲಿ ಒಂದು ಚಿತ್ರ ಆಗಲೇ ಸಿದ್ಧವಾಗಿರುತ್ತದೆ. ಬೆಳಗಿನ ಜಾವ, ಕಿಟಕಿ ಪಕ್ಕದ ಮೇಜು, ಹಬೆಯಾಡುವ ಕಾಫಿ, ಎಲ್ಲೋ ನೆಟ್ಟ ದೃಷ್ಟಿ. ಅದನ್ನು ಕೆಡಿಸಲು ಮನಸ್ಸಾಗದೆ "ಹೀಗೇ, ಬೆಳಗಿನ ಹೊತ್ತು" ಎಂದು ತೇಲಿಸಿಬಿಡುತ್ತೇನೆ. ಸುಳ್ಳೇನಲ್ಲ. ಬೆಳಗಿನ ಹೊತ್ತೇ ಬರೆಯುತ್ತೇನೆ. ಆದರೆ ಮೇಜಿನ ಮುಂದಲ್ಲ. ವಸಂತ್ ಕುಂಜ್‌ನಿಂದ ಐಟಿಓ ಕಡೆಗೆ ಹೋಗುವ ಚಾರ್ಟರ್ಡ್ ಬಸ್ಸಿನಲ್ಲಿ, ಹಿಂದಿನ ಚಕ್ರದ ಮೇಲೆ ಬರುವ ಸೀಟಿನಲ್ಲಿ, ತೊಡೆಯ ಮೇಲೆ ಬ್ರೀಫ್‌ಕೇಸ್ ಇಟ್ಟುಕೊಂಡು.

ದೆಹಲಿಯ ಚಾರ್ಟರ್ಡ್ ಬಸ್ಸೆಂದರೆ ಏನೆಂದು ತಿಳಿಯದ ಪುಣ್ಯವಂತರಿಗೆ ಒಂದು ಮಾತು. ಒಂದೇ ದಾರಿಯಲ್ಲಿ ಕಚೇರಿಗೆ ಹೋಗುವ ನೌಕರರು ತಿಂಗಳಿಗಿಷ್ಟು ಎಂದು ಕೊಟ್ಟು ಗೊತ್ತುಮಾಡಿಕೊಂಡ ಖಾಸಗಿ ಬಸ್ಸು ಅದು. ಹೆಸರಿಗೆ ಬಸ್ಸು, ಒಳಗೆ ಹೋದರೆ ಒಂದು ಕೂಡು ಕುಟುಂಬ. ಹಿಂದಿನ ಸಾಲಿನಲ್ಲಿ ಇಸ್ಪೀಟು. ಮುಂದೆ ಹೆಂಗಸರ ಸೀಟುಗಳಲ್ಲಿ ಚಳಿಗಾಲ ಬಂತೆಂದರೆ ಬಟಾಣಿ ಸುಲಿಯುವುದು, ಸ್ವೆಟರ್ ಹೆಣೆಯುವುದು. ಮಂಗಳವಾರ ಕೀರ್ತನೆ, ಕೊನೆಗೆ ಬೂಂದಿ ಪ್ರಸಾದ. ಯಾರ ಸೀಟು ಯಾರದೆಂದು ಎಲ್ಲೂ ಬರೆದಿಲ್ಲ, ಆದರೆ ಬೇರೆಯವರ ಸೀಟಿನಲ್ಲಿ ಕುಳಿತು ನೋಡಿ, ಆಮೇಲೆ ಗೊತ್ತಾಗುತ್ತದೆ. ಈ ಗದ್ದಲದ ನಡುವೆ ಕತೆ ಬರೆಯುವುದಾದರೂ ಹೇಗೆ ಎನ್ನುತ್ತೀರಾ? ಮನೆಯ ನಿಶ್ಶಬ್ದದಲ್ಲಿ ನಾನು ಪ್ರಯತ್ನಿಸಿ ನೋಡಿದ್ದೇನೆ. ನಿದ್ದೆ ಬರುತ್ತದೆ.

ಬಸ್ಸಿಗೂ ನನ್ನ ಶೈಲಿಗೂ ಇರುವ ನಂಟು ನನಗೊಬ್ಬನಿಗೇ ಗೊತ್ತು. ಮುನಿರ್ಕಾದ ಟ್ರಾಫಿಕ್ ಜಾಮಿನಲ್ಲಿ ಪ್ರಕೃತಿ ವರ್ಣನೆ ಸೊಗಸಾಗಿ ಬರುತ್ತದೆ, ಮಾಡುವುದಕ್ಕೆ ಬೇರೇನೂ ಇರುವುದಿಲ್ಲವಲ್ಲ. ಕೆಂಪು ದೀಪದಲ್ಲಿ ಅಕ್ಷರ ದುಂಡಗಾಗುತ್ತದೆ. ನನ್ನ ಗದ್ಯಕ್ಕೆ ಒಂದು ವಿಶಿಷ್ಟವಾದ ಏರಿಳಿತವಿದೆ ಎಂದು ವಿಮರ್ಶಕರೊಬ್ಬರು ಹೊಗಳಿ ಬರೆದಿದ್ದರು. ಅದು ಆರ್.ಕೆ. ಪುರಂನ ಸ್ಪೀಡ್ ಬ್ರೇಕರು. ಈಗೀಗ ಊರೆಲ್ಲ ಫ್ಲೈಓವರ್ ಎದ್ದು ಬಸ್ಸು ಬೇಗ ತಲುಪುತ್ತಿರುವುದರಿಂದ ನನ್ನ ಅಧ್ಯಾಯಗಳು ಗಿಡ್ಡವಾಗುತ್ತಿವೆ. ಮೆಟ್ರೋ ಪೂರ್ತಿ ಬಂದುಬಿಟ್ಟರೆ ನಾನು ಹನಿಗವನಕ್ಕೆ ಇಳಿಯಬೇಕಾದೀತು.

ಇನ್ನು ಪಾತ್ರಗಳ ಮಾತು. ನಮ್ಮ ಯಕ್ಷಗಾನದ ಒಂದು ಪದ್ಧತಿ ನನಗೆ ಬಹಳ ಇಷ್ಟ. ವೇಷ ರಂಗಕ್ಕೆ ಬಂದ ಕೂಡಲೇ ಭಾಗವತರು ಅದನ್ನು ಮಾತಾಡಿಸುತ್ತಾರೆ: ತಾವು ಯಾರು, ಬಂದ ಕಾರಣವೇನು? ಇಡೀ ಆಟ ನಡೆಸುವವರು ಅವರೇ, ಆದರೂ ಗೊತ್ತಿಲ್ಲದವರಂತೆ ವಿಚಾರಿಸಬೇಕು. ಎಂಥ ವಿನಯ! ನಾನು ಬರೆಯಲು ತೊಡಗಿದ ಹೊಸತರಲ್ಲಿ ಈ ವಿನಯ ನನಗಿರಲಿಲ್ಲ. ಪಾತ್ರಗಳೆಂದರೆ ನನ್ನ ಸೆಕ್ಷನ್ನಿನ ಗುಮಾಸ್ತರು, ಕರೆದರೆ ಬರಬೇಕು, ಹೇಳಿದ್ದು ಮಾಡಬೇಕು ಎಂದುಕೊಂಡಿದ್ದೆ. ನಿಜ ಏನೆಂದರೆ ಅವು ದೆಹಲಿಗೆ ಬರುವ ನೆಂಟರ ಹಾಗೆ. "ಎರಡು ದಿನ ಇದ್ದು ಆಗ್ರಾ ನೋಡ್ಕೊಂಡು ಹೊರಡ್ತೀವಿ" ಎಂದು ಬರುತ್ತಾರೆ. ಆಮೇಲೆ ಹರಿದ್ವಾರ. ಆಮೇಲೆ ಊರಿನವರಿಗೆಲ್ಲ ಶಾಲು, ಸ್ವೆಟರು ಎಂದು ಸರೋಜಿನಿ ನಗರದಲ್ಲಿ ನಾಲ್ಕು ಸಂಜೆ. ಅವರು ಹೊರಡುವ ಹೊತ್ತಿಗೆ ನಮ್ಮ ಅಡುಗೆಮನೆಯ ಡಬ್ಬಿಗಳೆಲ್ಲ ಅವರಿಗೆ ಅನುಕೂಲವಾದ ಕಡೆ ಕೂತಿರುತ್ತವೆ.

ನೆಂಟರನ್ನು ಹೊರಡಿಸಲು ಉಪಾಯವಿಲ್ಲ. ಪಾತ್ರಗಳಿಗೆ ಇದೆ. ಕತೆ ಮುಗಿಸುವ ಬಗೆ ತಿಳಿಯದಾದಾಗ ನಾನು ಯಾರನ್ನಾದರೂ ಸಾಯಿಸಿಬಿಡುತ್ತೇನೆ. ಓದುಗರು ಅಳುತ್ತಾರೆ, ಸಂಪಾದಕರು ಫೋನ್ ಮಾಡಿ "ಮನಸ್ಸು ಭಾರ ಆಯ್ತು" ಎನ್ನುತ್ತಾರೆ, ನನಗೂ ದೊಡ್ಡ ಲೇಖಕನಾದಂತೆ ಅನ್ನಿಸುತ್ತದೆ. ನನ್ನ ಹೆಂಡತಿ ಶಾರದೆ ಮಾತ್ರ ಇದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. "ನಿಮ್ಮ ಕತೇಲಿ ಯಾರಾದ್ರೂ ಎರಡು ಸಲ ಕೆಮ್ಮಿದ್ರೆ ಸಾಕು, ನಾನು ಮನಸ್ಸಲ್ಲೇ ತುಳಸಿ ನೀರು ರೆಡಿ ಮಾಡ್ಕೋತೀನಿ" ಎನ್ನುತ್ತಾಳೆ.

ಕನಕಲಕ್ಷ್ಮಿ ಬಂದದ್ದು ಹೀಗೆ. ಬೆಂಗಳೂರಿನ ವಾರಪತ್ರಿಕೆಯೊಂದಕ್ಕೆ ಧಾರಾವಾಹಿ ಬರೆಯುತ್ತಿದ್ದೆ. ಅಣ್ಣತಮ್ಮಂದಿರ ಆಸ್ತಿ ಜಗಳದ ಗಂಭೀರ ಕಾದಂಬರಿ. ಹಿರಿಯೂರಿನ ಹೈಸ್ಕೂಲೊಂದರಲ್ಲಿ ತಮ್ಮನ ಮಗನ ವರ್ಗಾವಣೆ ಪತ್ರಕ್ಕೆ ಮೊಹರು ಹಾಕಲು ಒಬ್ಬ ಗುಮಾಸ್ತೆ ಬೇಕಾಗಿದ್ದಳು. ಒಂದು ವಾಕ್ಯದ ಕೆಲಸ. ಬಂದಳು, ನಲವತ್ತು ದಾಟಿದ, ಮದುವೆಯಾಗದ, ಕನ್ನಡಕದ ಹೆಂಗಸು. ಮೊಹರು ಎತ್ತಿದವಳು ಅಲ್ಲೇ ನಿಲ್ಲಿಸಿ, "ಹುಡುಗನ್ನ ಶಾಲೆ ಬಿಡಿಸ್ತಿರೋದು ಯಾಕೆ? ಅವನನ್ನ ಕೇಳಿದ್ರಾ?" ಅಂದಳು. ನಾನು ಅದನ್ನು ಬರೆಯಬೇಕೆಂದುಕೊಂಡಿರಲೇ ಇಲ್ಲ, ಬಸ್ಸು ಕುಲುಕಿದಾಗ ಹೇಗೋ ಬಂದುಬಿಟ್ಟಿತು. ಅಷ್ಟೇ, ಅಣ್ಣತಮ್ಮಂದಿರ ಕಾದಂಬರಿ ಹಳ್ಳ ಹಿಡಿಯಿತು. ಮುಂದಿನ ವಾರದಿಂದ ಅವಳದ್ದೇ ಕಾರುಬಾರು. ಒಂದು ಬೆಳಿಗ್ಗೆ ಅವಳು ಯಾರನ್ನೂ ಕೇಳದೆ, ನನ್ನನ್ನು ಸಹ ಕೇಳದೆ, ಸ್ಕೂಟರ್ ಅಂಗಡಿಗೆ ಹೋಗಿ ಹೊಸ ಗಾಡಿ ಕೊಂಡು, ಓಡಿಸಲು ಬಾರದೆ ಮನೆತನಕ ತಳ್ಳಿಕೊಂಡು ಬಂದಳು. ದಾರಿಯಲ್ಲಿ ಸಿಕ್ಕವರೆಲ್ಲ ಪೆಟ್ರೋಲ್ ಮುಗೀತಾ ಎಂದು ಕೇಳಿದರೆ "ಹೂಂ" ಅನ್ನುತ್ತಾ ಬಂದಳು.

ನಾನು ಬಸ್ಸಿನಲ್ಲಿ ಗಟ್ಟಿಯಾಗಿ ನಕ್ಕುಬಿಟ್ಟೆ.

ಪಕ್ಕದ ಸೀಟಿನ ಚೋಪ್ರಾ ಜೀ ಪೇಪರ್ ಮಡಿಸಿದರು. "ಏನು ರಾವ್ ಸಾಹಬ್, ನಮಗೂ ಹೇಳಿ." ಹೇಳಿದೆ. ನನ್ನ ಹಿಂದಿ ಸರ್ಕಾರಿ ಟಿಪ್ಪಣಿಗೆ ಸಾಕಾಗುವಂಥದು, ಕತೆಗೆ ಸಾಲದು. ಆದರೂ ಚೋಪ್ರಾ ಜೀ ಹೊಟ್ಟೆ ಹಿಡಿದುಕೊಂಡು ನಕ್ಕು, ಮುಂದಿನ ಸೀಟಿನವರಿಗೆ ಪಂಜಾಬಿಯಲ್ಲಿ ಮತ್ತಷ್ಟು ಉಪ್ಪುಖಾರ ಹಚ್ಚಿ ಹೇಳಿದರು. ಮಾರನೆಯ ದಿನ ಬಸ್ಸು ಹತ್ತಿದಾಗ ಇಸ್ಪೀಟಿನವರೇ ಕೇಳಿದರು, "ಕನಕ್ ಜೀ ಗಾಡಿ ಕಲಿತರಾ?" ಅಂದಿನಿಂದ ನನಗೆ ಎರಡು ಕೆಲಸ. ಮುನಿರ್ಕಾವರೆಗೆ ಕನ್ನಡದಲ್ಲಿ ಬರೆಯುವುದು, ಅಲ್ಲಿಂದ ಮುಂದೆ ಹಿಂದಿಯಲ್ಲಿ ಹೇಳುವುದು. ಒಂದಕ್ಷರ ಕನ್ನಡ ಬಾರದ ಇಡೀ ಬಸ್ಸು ನನ್ನ ಕಾದಂಬರಿಗೆ ಸಮಿತಿಯಾಗಿ ಕೂತಿತು. ಸಲಹೆಗಳೋ ಸಲಹೆಗಳು! ಹೆಡ್‌ಮಾಸ್ಟರಿಗೆ ಬುದ್ಧಿ ಕಲಿಸಬೇಕೆಂದು ಒಬ್ಬರು, ಅವಳಿಗೊಬ್ಬ ಒಳ್ಳೆಯ ಹುಡುಗನನ್ನು ತೋರಿಸಬೇಕೆಂದು ಇನ್ನೊಬ್ಬರು. ಹಿರಿಯೂರಿನಲ್ಲಿ ಸಾಸಿವೆ ಸೊಪ್ಪು ಸಿಗುವುದಿಲ್ಲ ಎಂದದ್ದಕ್ಕೆ ಡ್ರೈವರ್ ಭಯ್ಯಾ ತಿರುಗಿ ನೋಡಿ ಮರುಗಿದ.

ಈ ಸಮಿತಿಯಲ್ಲಿ ತುಟಿ ಪಿಟಕ್ಕೆನ್ನದವರು ಒಬ್ಬರೇ, ಸರೋಜಿನಿ ನಗರದಲ್ಲಿ ಹತ್ತುವ ಕಮಲೇಶ್ ಜೀ. ಹೆಸರು ಕೇಳಿ ಗಂಡಸೆಂದುಕೊಳ್ಳಬೇಡಿ, ಹೆಂಗಸು, ಯಾವುದೋ ಸಚಿವಾಲಯದ ಲೆಕ್ಕಪತ್ರ ವಿಭಾಗದವರು. ಮದುವೆಯಿಲ್ಲ. ಅವರ ಸರ್ಕಾರಿ ಕ್ವಾರ್ಟರ್ಸಿನಲ್ಲೇ ತಮ್ಮನ ಸಂಸಾರ. ಸ್ವೆಟರ್ ಹೆಣೆಯುತ್ತಾ ಕೇಳಿಸಿಕೊಂಡೂ ಕೇಳಿಸಿಕೊಳ್ಳದವರಂತೆ ಇರುತ್ತಿದ್ದರು. ಅವರು ಮೊದಲ ಬಾರಿ ಬಾಯಿ ಬಿಟ್ಟದ್ದು ಕನಕಲಕ್ಷ್ಮಿ ಶಾಲೆಯ ಜಲ್ಲಿಕಲ್ಲಿನ ಮೈದಾನದಲ್ಲಿ ಗಾಡಿ ಕಲಿಯಲು ಹೋದ ದಿನ.

"ಕನಕ್ ಜೀ ಬಿದ್ದರಾ?"

"ಬಿದ್ದರು."

"ಎದ್ದರಾ?"

"ಎದ್ದರು."

"ಅಚ್ಛಾ" ಎಂದು ಮತ್ತೆ ಹೆಣೆಯತೊಡಗಿದರು. ವಿಷಯ ಏನೆಂದು ಚೋಪ್ರಾ ಜೀ ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು. ಕಮಲೇಶ್ ಜೀ ಅವರ ವಿಭಾಗವನ್ನು ಓಖ್ಲಾದ ಒಂದು ಕಟ್ಟಡಕ್ಕೆ ಸಾಗಿಸುತ್ತಿದ್ದಾರಂತೆ. ಅತ್ತ ಕಡೆ ಯಾವ ಚಾರ್ಟರ್ಡ್ ಬಸ್ಸೂ ಇಲ್ಲ. ಎರಡು ಬಸ್ಸು ಬದಲಾಯಿಸಿ, ಮಂಡಿನೋವಿನಲ್ಲಿ ನೂಕುನುಗ್ಗಲು ಹತ್ತಿ ಇಳಿದು ಹೋಗುವುದು ಅವರಿಂದಾಗದು. ತಮ್ಮ ದಿನಾ ಒಂದೇ ರಾಗ: ಸ್ವಯಂ ನಿವೃತ್ತಿ ತಗೋ ಅಕ್ಕಾ, ಮನೇಲಿರು, ಮಕ್ಕಳನ್ನು ನೋಡಿಕೋ. ಅವರಿಗೋ ಕಚೇರಿ ಎಂದರೆ ಜೀವ. ಅಲ್ಲಿ ಅವರು ಕಮಲೇಶ್ ಜೀ. ಮನೆಯಲ್ಲಿ ಮಕ್ಕಳ ಬುವಾ, ಅಂದರೆ ಸೋದರತ್ತೆ ಮಾತ್ರ, ಅದೂ ಹಾಲು ಕಾಯಿಸಬೇಕಾದಾಗ.

ಇಲ್ಲಿಂದ ನನ್ನ ಪಾಡು ಕೇಳಿ. ಒಂದು ಬೆಳಿಗ್ಗೆ ಮುನಿರ್ಕಾದ ಜಾಮಿನಲ್ಲಿ ನಾನು ಕನಕಲಕ್ಷ್ಮಿಯನ್ನು ಸಾಯಿಸಿದೆ. ಅವಳು ನನ್ನ ಕೈಮೀರಿ ಬೆಳೆದಿದ್ದಳು, ಧಾರಾವಾಹಿ ಮುಗಿಸಲು ಸಂಪಾದಕರು ಗಡುವು ಕೊಟ್ಟಿದ್ದರು, ನನಗೆ ಗೊತ್ತಿದ್ದ ದಾರಿ ಅದೊಂದೇ. ಕೆರೆ ಏರಿಯ ತಿರುವು, ರಸ್ತೆಗೆ ಹರಡಿದ ಜಲ್ಲಿ, ಎದುರಿಗೊಂದು ಎಮ್ಮೆ, ಅವಳು ಬ್ರೇಕ್ ಹಿಡಿದಳು, ಗಾಡಿ ಜಾರಿತು. ಕೊನೆಯಲ್ಲಿ ಉರುಳಿಹೋದ ಕನ್ನಡಕ. ಎಷ್ಟು ಚೆನ್ನಾಗಿ ಬಂತೆಂದರೆ ನನ್ನ ಕಣ್ಣೇ ತುಂಬಿತು. ಪೆನ್ನಿನ ಮುಚ್ಚಳ ಹಾಕುತ್ತಿದ್ದೇನೆ, ಸರೋಜಿನಿ ನಗರ ಬಂತು. ಕಮಲೇಶ್ ಜೀ ಹತ್ತಿದರು. ಕೈಯಲ್ಲಿ ಸಿಹಿಯ ಡಬ್ಬಿ. ಸೀದಾ ನನ್ನ ಸೀಟಿನ ಬಳಿ ಬಂದು, ಬರ್ಫಿ ಕೊಟ್ಟು, ಸಣ್ಣ ದನಿಯಲ್ಲಿ ಹೇಳಿದರು: "ಸ್ಕೂಟರ್ ತಗೊಂಡೆ. ಕನಕ್ ಜೀ ಕಲಿಯಬಹುದಾದರೆ ನಾನೂ ಕಲಿತೇನು."

ಬರ್ಫಿ ಬಾಯಿಗೆ ಹಾಕಿಕೊಂಡು ಪ್ಯಾಡನ್ನು ಬ್ರೀಫ್‌ಕೇಸಿನೊಳಗೆ ತಳ್ಳಿದೆ. "ಇವತ್ತು ಏನಾಯಿತು?" ಎಂದು ಬಸ್ಸು ಕೇಳಿತು. "ಇವತ್ತು... ಅವರು ಅಮ್ಮನನ್ನು ಹಿಂದೆ ಕೂರಿಸಿಕೊಂಡು ದೇವಸ್ಥಾನಕ್ಕೆ ಹೋಗಿ ಬಂದರು" ಎಂದೆ. ಬಸ್ಸೆಲ್ಲ ಚಪ್ಪಾಳೆ.

ಹಾಗಾದರೆ ಆ ಅಧ್ಯಾಯವನ್ನು ಹರಿದು ಹಾಕಬಹುದಿತ್ತಲ್ಲ ಎನ್ನಬೇಡಿ. ನಾನು ಬರೆದ ಸಾವುಗಳಲ್ಲೆಲ್ಲ ಅದೇ ಅತ್ಯುತ್ತಮವಾದದ್ದು! ಮಧ್ಯಾಹ್ನವೇ ಕೊರಿಯರ್ ಮಾಡಿದೆ. ಚಿಕ್ಕಂದಿನಲ್ಲಿ ನಮ್ಮೂರಿಗೆ ಬರುತ್ತಿದ್ದ ಹರಿಕಥೆ ದಾಸರೊಬ್ಬರನ್ನು ನೆನೆದು ಸಮಾಧಾನ ಮಾಡಿಕೊಂಡೆ. ಅವರು ಚಿಟಿಕೆ ಹಿಡಿದು ನಿಲ್ಲುವ ಮೊದಲು ಸಭೆಯ ಮೇಲೆ ಒಮ್ಮೆ ಕಣ್ಣಾಡಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಬಸುರಿ ಹೆಂಗಸರು ಕಂಡರೆ, ರಾಣಿಯನ್ನು ಕಾಡಿಗಟ್ಟುವ ಪ್ರಸಂಗವನ್ನು ನಯವಾಗಿ ಹಾರಿಸಿ ಪಟ್ಟಾಭಿಷೇಕಕ್ಕೆ ಬಂದುಬಿಡುತ್ತಿದ್ದರು. ಗ್ರಂಥಕ್ಕೆ ಗ್ರಂಥದ ನ್ಯಾಯ, ಸಭೆಗೆ ಸಭೆಯ ನ್ಯಾಯ. ಹಾಗೆಯೇ ನನ್ನ ಕನಕಲಕ್ಷ್ಮಿ ಕನ್ನಡದಲ್ಲಿ ಸತ್ತು ಹಿಂದಿಯಲ್ಲಿ ಬದುಕಿದ್ದಳು. ಅವಳು ಅಲ್ಲಿ ಒಂದೊಂದು ಸಾಹಸ ಮಾಡಿದಂತೆಲ್ಲ ಇಲ್ಲಿ ಕಮಲೇಶ್ ಜೀ ಕಾಲೊನಿಯ ಪಾರ್ಕಿನ ಸುತ್ತ ಒಂದೊಂದು ಸುತ್ತು ಹೆಚ್ಚು ಹೊಡೆಯುತ್ತಿದ್ದರು. ಲೈಸೆನ್ಸ್ ಪರೀಕ್ಷೆಗೆ ದಿನ ಗೊತ್ತಾಯಿತು. ಪಾಸಾದರೆ ಓಖ್ಲಾ, ಇಲ್ಲವಾದರೆ ಸ್ವಯಂ ನಿವೃತ್ತಿಯ ಅರ್ಜಿ, ಹಾಗೆಂದು ತಮ್ಮನಿಗೆ ಮಾತು ಕೊಟ್ಟಿದ್ದರಂತೆ. ದೆಹಲಿಯಲ್ಲಿ ಕನ್ನಡ ವಾರಪತ್ರಿಕೆ ಓದುವವರು ಯಾರು, ಪರೀಕ್ಷೆ ಮುಗಿಯುವ ತನಕ ಹೇಗೋ ದಬ್ಬಿದರಾಯಿತು ಎಂದು ನಾನೂ ಧೈರ್ಯವಾಗಿದ್ದೆ.

ಆಗ ಬಂದಳು ರೇಷ್ಮಾ. ಶಿವಮೊಗ್ಗದ ಹುಡುಗಿ, ಕನಾಟ್ ಪ್ಲೇಸಿನ ಯಾವುದೋ ಕಂಪನಿಯಲ್ಲಿ ಕೆಲಸ, ಹೊಸದಾಗಿ ವಸಂತ್ ಕುಂಜ್‌ಗೆ ಬಂದು ನಮ್ಮ ಬಸ್ಸು ಹಿಡಿದವಳು. ನನ್ನ ಬ್ರೀಫ್‌ಕೇಸ್ ಮೇಲಿದ್ದ ಹಾಳೆಯಲ್ಲಿ ಕನ್ನಡ ಅಕ್ಷರ ಕಂಡು ಮುಖ ಅರಳಿಸಿದಳು. ಹೆಸರು ಕೇಳಿ ಕೆಂಡವಾದಳು.

"ಅಂಕಲ್, ಆ ಧಾರಾವಾಹಿ ನೀವಾ ಬರೆಯೋದು? ನಮ್ಮಮ್ಮ ಚಟ್ನಿಪುಡಿ ಜೊತೆ ಪ್ರತಿ ವಾರ ಕಳಿಸ್ತಾರೆ. ಕನಕಲಕ್ಷ್ಮೀನ ಯಾಕ್ ಸಾಯ್ಸಿದ್ರಿ? ನಾವಿಬ್ರೂ ಫೋನಲ್ಲಿ ಅತ್ತಿದ್ದೀವಿ, ಗೊತ್ತಾ?"

ಸದ್ಯ, ಕನ್ನಡದಲ್ಲಿ ಬೈದಳು. "ಮೆಲ್ಲಗೆ ತಾಯಿ, ಆಮೇಲೆ ಎಲ್ಲಾ ಹೇಳ್ತೀನಿ" ಎಂದು ಕೈಮುಗಿಯುವುದರಲ್ಲಿದ್ದೆ. ಅಷ್ಟರಲ್ಲಿ ಚೋಪ್ರಾ ಜೀ ಬಗ್ಗಿ, ಹೊಸಬಳನ್ನು ಮಾತಾಡಿಸುವ ಉತ್ಸಾಹದಲ್ಲಿ, "ಬೇಟಾ, ನೀನೂ ಕನಕ್ ಜೀ ಕತೆ ಕೇಳುತ್ತೀಯಾ? ನಿನ್ನೆ ಹೆಡ್‌ಮಾಸ್ಟರನ್ನೇ ಹಿಂದೆ ಕೂರಿಸಿಕೊಂಡು ಜಾತ್ರೆಗೆ ಹೋಗಿದ್ದರು!" ಎಂದರು. ರೇಷ್ಮಾ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಇಡೀ ಬಸ್ಸಿಗೆ ಕೇಳುವಂತೆ ಸ್ವಚ್ಛವಾದ ಹಿಂದಿಯಲ್ಲಿ ಹೇಳಿದಳು: "ಅವರು ಹೋಗಿಬಿಟ್ಟರಲ್ಲ ಅಂಕಲ್. ಸ್ಕೂಟರಿನಿಂದ ಬಿದ್ದು."

ಇಸ್ಪೀಟು ನಿಂತಿತು. ಬಟಾಣಿ ನಿಂತಿತು. ಮುಂದಿನ ಸೀಟಿನ ಹೆಂಗಸೊಬ್ಬರು ತಲೆಯ ಮೇಲೆ ಸೆರಗು ಎಳೆದುಕೊಂಡರು. ಆಮೇಲೆ ನನ್ನ ಮೇಲೆ ಬಿದ್ದ ಬೈಗುಳವನ್ನು ಇಲ್ಲಿ ಬರೆಯಲಾರೆ, ಅರ್ಧ ಪಂಜಾಬಿಯಲ್ಲಿ ಇದ್ದದ್ದರಿಂದ ಪೂರ್ತಿ ಅರ್ಥವೂ ಆಗಲಿಲ್ಲ. ಕೊನೆಗೆ ಚೋಪ್ರಾ ಜೀ ಕೈ ಎತ್ತಿದರು. ಪರೀಕ್ಷೆ ಮುಗಿಯುವ ತನಕ ಕಮಲೇಶ್ ಜೀ ಕಿವಿಗೆ ಈ ಸುದ್ದಿ ಬೀಳಕೂಡದು. ಎಲ್ಲರೂ ಒಪ್ಪಿದರು. ಬಸ್ಸು ಸರೋಜಿನಿ ನಗರದಲ್ಲಿ ನಿಂತಿತು. ಕಮಲೇಶ್ ಜೀ ಹತ್ತಿದರು. ಬಸ್ಸಿನಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಅಂಥ ಮೌನ ಆ ಬಸ್ಸಿನಲ್ಲಿ ಹಿಂದೆಂದೂ ಇರಲಿಲ್ಲ. ಅವರು ಅಲ್ಲೇ ಕಂಬಿ ಹಿಡಿದು ನಿಂತು ಗಾಬರಿಯಿಂದ ಕೇಳಿದರು.

"ಯಾರು ಹೋದರು?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಚೋಪ್ರಾ ಜೀ ಬಾಯಿಂದ ಬಂದೇಬಿಟ್ಟಿತು: "ಕನಕ್ ಜೀ."

ಕಮಲೇಶ್ ಜೀ ನನ್ನ ಎದುರಿನ ಸೀಟಿನಲ್ಲಿ ಕುಳಿತರು. ನನಗೆ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು. ಹೇಗೆ ಎಂದು ಕೇಳಿದರು. ಹೇಳಿದೆ, ತಿರುವು, ಜಲ್ಲಿ, ಎಮ್ಮೆ, ಬ್ರೇಕು. ಕನ್ನಡಕ ಉರುಳಿದ್ದನ್ನು ಹೇಳಲು ಧೈರ್ಯವಾಗಲಿಲ್ಲ.

"ಯಾವ ಬ್ರೇಕ್ ಹಿಡಿದರು? ಎಡಗೈದೋ ಬಲಗೈದೋ?"

"ಗೊತ್ತಿಲ್ಲ."

"ನೀವು ಸ್ಕೂಟರ್ ಓಡಿಸಿದ್ದೀರಾ ರಾವ್ ಸಾಹಬ್?"

"ಇಲ್ಲ."

"ಅದಕ್ಕೇ" ಎಂದರು. ಅವರ ದನಿಯಲ್ಲಿ ಅಳುವಿರಲಿಲ್ಲ, ಲೆಕ್ಕದಲ್ಲಿ ತಪ್ಪು ಹಿಡಿದವರ ಗಡಸಿತ್ತು. "ಜಲ್ಲಿಯ ಮೇಲೆ ಬಲಗೈಯ ಮುಂದಿನ ಬ್ರೇಕ್ ಹಿಡಿಯಬಾರದು, ಇದು ಮೊದಲ ವಾರದ ಪಾಠ. ಕನಕ್ ಜೀ ಕಲಿತದ್ದೆಲ್ಲಿ? ಶಾಲೆಯ ಮೈದಾನದಲ್ಲಿ, ಜಲ್ಲಿಕಲ್ಲಿನ ಮೇಲೆ, ಬಿದ್ದು ಎದ್ದು. ನೀವೇ ಹೇಳಿದ್ದು. ಅಂಥವರು ಆ ತಿರುವಿನಲ್ಲಿ ಸಾಯುವುದಿಲ್ಲ. ಬೇರೆ ಯಾರನ್ನೋ ಸಾಯಿಸಿ ಅವರ ಹೆಸರು ಹಾಕಿದ್ದೀರಿ."

ಇಷ್ಟು ವರ್ಷಗಳಲ್ಲಿ ನನ್ನ ಬರಹದ ಬಗ್ಗೆ ಎಷ್ಟೋ ವಿಮರ್ಶೆ ಓದಿದ್ದೇನೆ. ಹೀಗೆ ನೇರವಾಗಿ ಎದೆಗೆ ತಾಗಿದ್ದು ಯಾವುದೂ ಇಲ್ಲ. ಹೌದು, ಆ ತಿರುವಿಗೆ ಬರುವ ಮೊದಲೇ ನಾನು ಕನಕಲಕ್ಷ್ಮಿಯನ್ನು ಇಳಿಸಿ, ಗಡುವಿಗೆ ಸಿಕ್ಕಿದ ಯಾರನ್ನೋ ಗಾಡಿಗೆ ಹತ್ತಿಸಿದ್ದೆ. ಅಂದು ಕಮಲೇಶ್ ಜೀ ಅವರ ಸೂಜಿಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

ಪರೀಕ್ಷೆಯ ದಿನ ಅವರು ಬಸ್ಸಿಗೆ ಬರಲಿಲ್ಲ, ಸರಿ. ಮಾರನೆಯ ದಿನವೂ ಇಲ್ಲ. ಅದರ ಮಾರನೆಯ ದಿನವೂ ಇಲ್ಲ. ಬಸ್ಸಿನವರು ನನ್ನ ಜೊತೆ ಮಾತು ಬಿಟ್ಟಿರಲಿಲ್ಲ, ಆದರೆ ಯಾರೂ "ಆಮೇಲೇನಾಯಿತು" ಎಂದು ಕೇಳುತ್ತಿರಲಿಲ್ಲ. ಬರೆಯಲು ಪ್ಯಾಡ್ ತೆಗೆದರೆ ಪೆನ್ನು ಓಡಲಿಲ್ಲ. ಮನೆಯಲ್ಲಿ ಶಾರದೆ, "ನಿಮ್ಮ ಎಮ್ಮೇನಾದ್ರೂ ಪಕ್ಕಕ್ಕೆ ಹೊಡೀಬಾರದಿತ್ತಾ?" ಎಂದಳು. ಬೆಂಗಳೂರಿಗೆ ಫೋನ್ ಹಚ್ಚಿ, ಕನಕಲಕ್ಷ್ಮಿ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಳೆಂದು ಮುಂದಿನ ಕಂತು ಮಾಡಬಹುದೇ ಎಂದು ಸಂಪಾದಕರನ್ನು ಕೇಳಿದೆ. "ಸ್ವಾಮಿ, ಶ್ರದ್ಧಾಂಜಲಿ ಪತ್ರಗಳು ಮೂಟೆಗಟ್ಟಲೆ ಬಂದಿವೆ, ಈಗ ಎಬ್ಬಿಸಿದ್ರೆ ಓದುಗರು ನಮ್ಮನ್ನ ಬಡೀತಾರೆ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಒಬ್ಬ ಹೆಂಗಸಿನ ನೌಕರಿ ನನ್ನ ಒಂದು ಎಮ್ಮೆಯಿಂದ ಹೋಯಿತೇ ಎಂಬುದೊಂದೇ ತಲೆಯಲ್ಲಿ.

ಮತ್ತೊಂದು ಬೆಳಿಗ್ಗೆ ಬಸ್ಸು ಸರೋಜಿನಿ ನಗರದ ಸ್ಟಾಪಿಗೆ ಬಂತು. ಕಮಲೇಶ್ ಜೀ ನಿಂತಿದ್ದರು. ಪಕ್ಕದಲ್ಲಿ ಬೂದುಬಣ್ಣದ ಸ್ಕೂಟರು, ತಲೆಯ ಮೇಲೆ ಹೆಲ್ಮೆಟ್ಟು, ಕೈಯಲ್ಲಿ ಲಡ್ಡುವಿನ ದೊಡ್ಡ ಡಬ್ಬಿ. "ಮೊದಲ ದಿನವೇ ಪಾಸು!" ಎಂದು ಕೂಗಿದರು. ಇಷ್ಟು ದಿನ ಬಾರದ್ದೇಕೆಂದರೆ, ತಮ್ಮನಿಗೆ ನಂಬಿಕೆ ಬರಲೆಂದು ಕಚೇರಿಗೆ ರಜೆ ಹಾಕಿ, ಅವನನ್ನು ಹಿಂದೆ ಕೂರಿಸಿಕೊಂಡು ಓಖ್ಲಾಕ್ಕೆ ದಿನಾ ಹೋಗಿ ಬರುತ್ತಿದ್ದರಂತೆ. ಬಸ್ಸಿಗೆ ಬಸ್ಸೇ ಕೆಳಗಿಳಿಯಿತು. ಡ್ರೈವರ್ ಭಯ್ಯಾ ಹಾರನ್ ಮೇಲಿಂದ ಕೈ ತೆಗೆಯಲಿಲ್ಲ. ರೇಷ್ಮಾ ಅವರ ಕುತ್ತಿಗೆಗೇ ಜೋತುಬಿದ್ದಳು. ನಾನು ಎಲ್ಲರ ಹಿಂದೆ ಮುಖ ಮರೆಸಿಕೊಂಡು ಲಡ್ಡು ತಿನ್ನುತ್ತಿದ್ದೆ. ಅವರು ಅಲ್ಲಿಗೇ ಬಂದು ಇನ್ನೊಂದು ಹೆಲ್ಮೆಟ್ ಮುಂದೆ ಹಿಡಿದರು.

"ರಾವ್ ಸಾಹಬ್, ನನ್ನ ಆಫೀಸು ಈ ತಿಂಗಳು ಇನ್ನೂ ಐಟಿಓದಲ್ಲೇ ಇದೆ. ಚಲೋ, ಕೂತುಕೊಳ್ಳಿ."

ಬೇಡ ಎನ್ನುವ ಬಾಯಿ ನನಗೆಲ್ಲಿತ್ತು? ಬ್ರೀಫ್‌ಕೇಸನ್ನು ಚೋಪ್ರಾ ಜೀ ಕಿಟಕಿಯಿಂದ ಒಳಗೆ ಎಳೆದುಕೊಂಡರು. ಕೂತೆ. ಮುಂದೆ ನಾವು, ಹಿಂದೆ ಮದುವೆ ದಿಬ್ಬಣದ ಬಸ್ಸಿನಂತೆ ನಮ್ಮ ಚಾರ್ಟರ್ಡ್ ಬಸ್ಸು. ಕಿಟಕಿಗಳಿಂದ ಕೀರ್ತನೆ ಕೇಳುತ್ತಿತ್ತು, ಮಂಗಳವಾರ ಅಲ್ಲದಿದ್ದರೂ. ಚಳಿಗಾಳಿ, ಎಳೆಬಿಸಿಲು, ಅಂಜಿಕೆಯ ಮಧ್ಯೆಯೂ ಚಿಕ್ಕ ಹುಡುಗನ ಖುಷಿ. ಅಷ್ಟರಲ್ಲಿ ಫ್ಲೈಓವರ್ ಕಟ್ಟುತ್ತಿದ್ದ ಕಡೆ ರಸ್ತೆ ಬಳಸಿ ತಿರುಗಿತು. ನೋಡುತ್ತೇನೆ, ತಿರುವಿನುದ್ದಕ್ಕೂ ಜಲ್ಲಿ. ಎದುರಿಗೆ ಎಮ್ಮೆ ಇರಲಿಲ್ಲ, ಅದಕ್ಕಿಂತ ದೊಡ್ಡದಾದ ಸಿಮೆಂಟ್ ಲಾರಿ ಇತ್ತು. ನನಗೆ ಈ ದೃಶ್ಯ ಚೆನ್ನಾಗಿ ಗೊತ್ತು, ಬರೆದವನೇ ನಾನು. ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ.

ಮುಂದಿನಿಂದ ದನಿ ಬಂತು. ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದರೋ ಏನೋ.

"ಕಣ್ಣು ಬಿಡಿ ರಾವ್ ಸಾಹಬ್. ಆವತ್ತು ಬರೆಯುವಾಗಲೂ ಹೀಗೇ ಮುಚ್ಚಿಕೊಂಡಿದ್ದಿರಿ, ಅಲ್ಲವಾ?"

ಕಣ್ಣು ತೆರೆದೆ. ಗಾಡಿ ನಿಧಾನವಾಗಿತ್ತು. ಅವರ ಎಡಗೈ ಬೆರಳುಗಳು ಬ್ರೇಕನ್ನು ಮೆಲ್ಲಗೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುತ್ತಿದ್ದವು. ಬಲಗೈ ತಣ್ಣಗೆ ಕೂತಿತ್ತು. ಜಲ್ಲಿ ಚಕ್ರದಡಿ ಕರಕರ ಅಂದಿತು, ಲಾರಿ ಪಕ್ಕಕ್ಕೆ ಸರಿದು ಹೋಯಿತು, ನುಣ್ಣನೆಯ ರಸ್ತೆ ಸಿಕ್ಕಿತು. ಕನಕಲಕ್ಷ್ಮಿ ಆ ತಿರುವನ್ನು ದಾಟಿದ್ದನ್ನು ನಾನು ಹಿಂದಿನ ಸೀಟಿನಲ್ಲಿ ಕೂತು, ಕಣ್ಣಾರೆ ಕಂಡೆ.